ನೋಹನ ನಾವೆಯಲ್ಲಿ ಇರುವೆ ಇತ್ತಾ, ಮಿಸ್?

ಕಥೆ ಮುಗಿದಿತ್ತು. ಮಳೆ ನಿಂತು, ಪಾರಿವಾಳ ಎಣ್ಣೆಮರದ ಎಲೆ ಕಚ್ಚಿಕೊಂಡು ಬಂದು, ಆನೆ, ಒಂಟೆ, ಕುರಿಗಳೆಲ್ಲ ನಾವೆಯಿಂದ ಜೋಡಿ ಜೋಡಿಯಾಗಿ ಇಳಿದಾಗಿತ್ತು. ಮಿಸ್ ಪುಸ್ತಕ ಮುಚ್ಚಿ ‘ಎಲ್ಲರೂ ಕೈ ಜೋಡಿಸಿ’ ಅನ್ನಬೇಕು, ಅಷ್ಟರಲ್ಲಿ ಚಾಪೆಯ ತುದಿಯಿಂದ ಒಂದು ದನಿ: “ಮಿಸ್, ಅದರಲ್ಲಿ ಇರುವೆ ಇತ್ತಾ?”

ಚರ್ಚು, ಕಾನ್ವೆಂಟು, ಮಿಷನ್ನು ನಡೆಸುವ ಯಾವ ನರ್ಸರಿಯಲ್ಲಿ ಒಂದು ಬೆಳಗ್ಗೆ ಕೂತರೂ ಇಂಥ ಪ್ರಶ್ನೆ ಕಿವಿಗೆ ಬೀಳುತ್ತದೆ. ಸಿಗುವ ಉತ್ತರ ಸಾಮಾನ್ಯವಾಗಿ ಮೂರು ಬಗೆ. ‘ಹೂಂ, ಇತ್ತು, ಸುಮ್ನೆ ಕೂತ್ಕೋ’ ಅನ್ನುವುದು ಒಂದು. ‘ಎಲ್ಲಾ ಪ್ರಾಣಿ ಇತ್ತು ಅಂತ ಆಗಲೇ ಹೇಳಿದೆನಲ್ಲ, ಕೇಳಿಸ್ಕೊಂಡಿಲ್ವಾ?’ ಅನ್ನುವುದು ಇನ್ನೊಂದು. ಮೂರನೆಯದು ಅಪರೂಪ: “ಇದ್ದಿದ್ರೆ ಎಲ್ಲಿ ಕೂತಿರ್ತಿತ್ತು? ಏನು ತಿಂತಿತ್ತು? ಬನ್ನಿ, ಇರುವೆಯನ್ನೇ ನೋಡಿ ಬರೋಣ” ಎಂದು ಮಕ್ಕಳನ್ನು ಜಗಲಿಗೆ ಕರೆದೊಯ್ದು, ಗೋಡೆಯ ಬುಡದಲ್ಲಿ ಹರಿಯುತ್ತಿರುವ ಸಾಲನ್ನು ತೋರಿಸುವುದು.

ಮೊದಲೆರಡು ಉತ್ತರಗಳಿಗೆ ಪಾಠ ಮುಗಿಯುತ್ತದೆ. ಮೂರನೆಯದಕ್ಕೆ ಪಾಠ ಶುರುವಾಗುತ್ತದೆ. ಮೂರರಿಂದ ಆರು ವರ್ಷದ ಮಕ್ಕಳಿರುವ ಕ್ರೈಸ್ತ ಶಾಲೆಯಲ್ಲಿ ಆ ಮೂರನೆಯ ಉತ್ತರವನ್ನು ದಿನದ ರೂಢಿ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಟೀಚರುಗಳಿಗೂ, ಅಲ್ಲಿಗೆ ಮಕ್ಕಳನ್ನು ಕಳಿಸುವ ಅಪ್ಪ–ಅಮ್ಮಂದಿರಿಗೂ ಹೇಳುವ ಪ್ರಯತ್ನ ಇದು. ಸೂತ್ರ ಒಂದೇ: ಉತ್ತರ ಕೊಡುವ ಅವಸರ ಬೇಡ, ಮಗುವಿನ ಕೈಗೊಂದು ಕೆಲಸ ಕೊಡಿ.

ಪಾದ್ರಿಯ ಮಗ ಕಟ್ಟಿದ ಆಟದ ತೋಟ

‘ಬರೀ ಆಟ ಆಡಿಸಿದರೆ ಭಕ್ತಿ ಕಲಿಸೋದು ಯಾವಾಗ?’ ಎಂದು ಸಭೆಯ ಹಿರಿಯರು ಕೇಳುವುದುಂಟು. ‘ಎಬಿಸಿಡಿ ಯಾವಾಗ?’ ಎಂದು ತಾಯಂದಿರು ಕೇಳುತ್ತಾರೆ. ಇಬ್ಬರಿಗೂ ಚರಿತ್ರೆಯಲ್ಲಿ ಉತ್ತರವಿದೆ. ಪುಟ್ಟ ಮಕ್ಕಳಿಗೆ ಆಟವೇ ಪಾಠ ಎಂದು ಮೊದಮೊದಲು ಹೇಳಿದವರಲ್ಲಿ ಹಲವರು ಚರ್ಚಿನ ಅಂಗಳದಿಂದಲೇ ಬಂದವರು.

ಮಕ್ಕಳ ಚಿತ್ರಪುಸ್ತಕಗಳಿಗೆ ಮೂಲಪುರುಷ ಎನ್ನಬಹುದಾದ ‘ಆರ್ಬಿಸ್ ಪಿಕ್ಟಸ್’ 1658ರಲ್ಲಿ ಅಚ್ಚಾಯಿತು. ಅದನ್ನು ಬರೆದ ಕಮೇನಿಯಸ್ ಮೊರೇವಿಯಾದ ಸಭೆಯೊಂದರ ಬಿಷಪ್. ಫ್ರಾನ್ಸಿನ ಅಲ್ಸಾಸ್ ಬೆಟ್ಟಗಳ ನಡುವೆ, ಸುಮಾರು 1770ರ ಹೊತ್ತಿಗೆ, ಓಬರ್ಲಿನ್ ಎಂಬ ಪಾದ್ರಿ ಬಡ ರೈತರ ಮಕ್ಕಳಿಗಾಗಿ ಹೆಣಿಗೆ ಕೋಣೆಗಳನ್ನು ತೆರೆದರು. ಅಲ್ಲಿ ಊರಿನ ಹೆಣ್ಣುಮಕ್ಕಳು ಚಿಕ್ಕವರಿಗೆ ಹೆಣಿಗೆಯ ಜೊತೆಗೆ ಹಾಡು, ಗಿಡಗಳ ಹೆಸರು, ಬೈಬಲಿನ ಚಿತ್ರಕಥೆ ಕಲಿಸುತ್ತಿದ್ದರು. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್‌ನಲ್ಲಿ ಪುಟ್ಟ ಮಕ್ಕಳ ಶಾಲೆ ತೆರೆದು, ಮೂರು ವರ್ಷಗಳ ಬಳಿಕ ಅದಕ್ಕೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟ ಫ್ರೊಬೆಲ್ ಒಬ್ಬ ಲೂಥರನ್ ಪಾದ್ರಿಯ ಮಗ. ಅವರ ಆಟದ ಸಾಮಾನಿನ ಹೆಸರೇ ‘ಉಡುಗೊರೆ’. ಮೊದಲ ಉಡುಗೊರೆ ಉಣ್ಣೆಯ ಆರು ಚೆಂಡು. ಮೂರನೆಯದು ಎಂಟು ತುಂಡಾಗಿ ಬಿಚ್ಚಿಕೊಳ್ಳುವ ಮರದ ಘನ.

ಇದರಲ್ಲೊಂದು ವಿಚಿತ್ರವೂ ಇದೆ. ಮಗುವಿನ ಆಟದಲ್ಲಿ ದೇವರ ಕೈ ಕಂಡ ಈ ಮನುಷ್ಯನ ಶಾಲೆಗಳನ್ನೇ ನಾಸ್ತಿಕತೆ ಹಬ್ಬಿಸುತ್ತವೆಂಬ ಆರೋಪದ ಮೇಲೆ ಪ್ರಷ್ಯಾ ಸರ್ಕಾರ 1851ರಲ್ಲಿ ನಿಷೇಧಿಸಿತು. ಮರುವರ್ಷ ಫ್ರೊಬೆಲ್ ತೀರಿಕೊಂಡರು. ನಿಷೇಧ ತೆರವಾದದ್ದು 1860ರಲ್ಲಿ. ಮಕ್ಕಳು ಆಡುತ್ತ ಪ್ರಶ್ನೆ ಕೇಳಿದರೆ ಭಕ್ತಿ ಕೆಟ್ಟೀತೆಂಬ ಹೆದರಿಕೆ ಅಷ್ಟು ಹಳೆಯದು.

1907ರ ಜನವರಿ 6, ಕ್ರೈಸ್ತರ ಪಂಚಾಂಗದಲ್ಲಿ ಮೂವರು ಜ್ಞಾನಿಗಳ ಹಬ್ಬದ ದಿನ, ರೋಮಿನ ಬಡವರ ಕೇರಿಯೊಂದರಲ್ಲಿ ಮರಿಯಾ ಮಾಂಟೆಸ್ಸರಿ ತಮ್ಮ ‘ಮಕ್ಕಳ ಮನೆ’ ತೆರೆದರು. 1939ರಲ್ಲಿ ಭಾರತಕ್ಕೆ ಬಂದ ಅವರು ಮಹಾಯುದ್ಧದ ಕಾರಣ ಇಲ್ಲೇ ಉಳಿಯಬೇಕಾಯಿತು. ಮದರಾಸಿನ ಅಡ್ಯಾರ್ ಮತ್ತು ಕೊಡೈಕೆನಾಲ್‌ಗಳಲ್ಲಿದ್ದು ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರ ದಾರಿಯನ್ನೇ ಹಿಡಿದು 1954ರಲ್ಲಿ ರೋಮಿನಲ್ಲಿ ಬೈಬಲ್ ವಿದ್ವಾಂಸೆ ಸೋಫಿಯಾ ಕವಲೆತ್ತಿ ಮತ್ತು ಶಿಕ್ಷಕಿ ಜಿಯಾನ್ನಾ ಗೊಬ್ಬಿ ಮಕ್ಕಳಿಗೆ ಧರ್ಮಬೋಧೆಯ ಹೊಸ ಕ್ರಮವೊಂದನ್ನು ಆರಂಭಿಸಿದರು. ಕುರಿದೊಡ್ಡಿಯ ಮರದ ಮಾದರಿ, ಅಂಗೈಯಲ್ಲಿ ಹಿಡಿಯುವ ಕುರಿಗಳು, ಒಬ್ಬ ಕುರುಬ. ಟೀಚರ್ ಕಥೆ ಹೇಳಿ ಹಿಂದೆ ಸರಿಯುತ್ತಾರೆ. ಆಮೇಲೆ ಕುರಿಗಳು ಮಗುವಿನ ಕೈಗೆ.

ನಮ್ಮ ದೇಶದ ನೀತಿಯೂ ಈಗ ಇದನ್ನೇ ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನದನ್ನು ಬುನಾದಿ ಹಂತ ಎಂದು ಕರೆಯಿತು. 2022ರ ಅಕ್ಟೋಬರಿನಲ್ಲಿ ಬಂದ ಅದರ ಪಠ್ಯಕ್ರಮ ಚೌಕಟ್ಟು ಆಟವನ್ನು ಕಲಿಕೆಯ ನಡುಗಂಬವನ್ನಾಗಿಸಿತು. 2023ರ ಫೆಬ್ರುವರಿಯಲ್ಲಿ ಗೊಂಬೆ, ಒಗಟು, ಚಿತ್ರಪಟಗಳಿಂದ ತುಂಬಿದ ‘ಜಾದೂಯಿ ಪಿಟಾರ’ ಪೆಟ್ಟಿಗೆಯೂ ಬಂತು. ಹಾಗಾಗಿ ‘ಆಟ ಆಡಿಸ್ತೀರಂತೆ’ ಎಂದು ಯಾರಾದರೂ ಹುಬ್ಬೇರಿಸಿದರೆ ಟೀಚರ್ ತಲೆ ತಗ್ಗಿಸಬೇಕಿಲ್ಲ.

ಕೋಣೆಯಲ್ಲಿ ಏನಿರಬೇಕು?

ಬೆಲೆಬಾಳುವ ಪ್ಲಾಸ್ಟಿಕ್ ಸಾಮಾನು ಬೇಡ. ಕೋಣೆಯನ್ನು ಮೂಲೆಗಳಾಗಿ ಹಂಚಿ, ಪ್ರತಿ ಮೂಲೆಯ ಸಾಮಾನೂ ಮಗುವಿನ ಕೈಗೆಟಕುವ ಎತ್ತರದಲ್ಲಿರಲಿ. ಬೀರುವಿನೊಳಗೆ ಬೀಗ ಹಾಕಿಟ್ಟ ಆಟಿಕೆ ಇನ್‌ಸ್ಪೆಕ್ಷನ್ನಿಗೆ ಬಂದವರಿಗೆ ಕಾಣುತ್ತದೆ, ಮಗುವಿಗಲ್ಲ.

ಕಟ್ಟುವ ಮೂಲೆಗೆ ಬಡಗಿಯ ಅಂಗಡಿಯಲ್ಲಿ ಮಿಕ್ಕ ಮರದ ತುಂಡುಗಳನ್ನು ತಂದು, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ನುಣುಪು ಮಾಡಿದರೆ ಸಾಕು. ಮನೆಯಾಟದ ಮೂಲೆಗೆ ತೆಂಗಿನ ಚಿಪ್ಪು, ಸಣ್ಣ ಪಾತ್ರೆ, ಹಳೆಯ ಸೀರೆಯ ತುಂಡು, ಕೈಚೀಲ. ಅದೇ ಸೀರೆ ಒಂದು ದಿನ ಕುರುಬನ ಕಂಬಳಿ, ಇನ್ನೊಂದು ದಿನ ಗಲಿಲಾಯ ಸರೋವರ. ನೀರು–ಮರಳಿನ ಮೂಲೆ ಜಗಲಿಯಲ್ಲಿದ್ದರೆ ಒಳ್ಳೆಯದು: ಅಗಲ ಬಾಯಿಯ ಟಬ್ಬು, ಸೌಟು, ಆಲಿಕೆ, ದೋಣಿ ಮಾಡಲು ಅಡಿಕೆ ಹಾಳೆ, ಬಾಳೆದಿಂಡು. ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆ ಗೀಚಿ, ಬಿಲ್ಲೆಗೆ ಮಂಗಳೂರು ಹಂಚಿನ ಚೂರನ್ನು ಅಂಚು ಉಜ್ಜಿ ಇಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆ ಹಂಚು ಮನೆಯ ಮಾಡಿಗೂ ಬಂತು, ಒಡೆದ ಮೇಲೆ ಮಕ್ಕಳ ಆಟಕ್ಕೂ ಬಂತು.

ಇನ್ನೊಂದು ಪ್ರಾರ್ಥನೆಯ ಮೂಲೆ. ಒಂದು ಚಾಪೆ, ಮೊಣಕಾಲೆತ್ತರದ ಮೇಜು, ಮರದ ಸಣ್ಣ ಶಿಲುಬೆ, ಮಕ್ಕಳೇ ದಿನಾ ಬದಲಿಸುವ ಹೂವು. ಮೇಜಿನ ಮೇಲೆ ಹಾಸುವ ಬಟ್ಟೆಯ ಬಣ್ಣ ಚರ್ಚಿನ ಕಾಲಮಾನಕ್ಕೆ ತಕ್ಕಂತೆ ಬದಲಾಗಲಿ: ಕ್ರಿಸ್ಮಸ್ಸಿನ ಮೊದಲೂ ಈಸ್ಟರಿನ ಮೊದಲೂ ನೇರಳೆ, ಆ ಹಬ್ಬಗಳಲ್ಲಿ ಬಿಳಿ, ಪಂಚಾಶತ್ತಮ ಹಬ್ಬಕ್ಕೆ ಕೆಂಪು, ಉಳಿದ ದಿನ ಹಸಿರು. ಬದಲಿಸಿದ ದಿನ ಬಾಯಿಬಿಡಬೇಡಿ. ‘ಮಿಸ್, ಬಟ್ಟೆ ಬೇರೆ ಆಗಿದೆ!’ ಎಂದು ಯಾರಾದರೂ ಕೂಗುವವರೆಗೆ ಕಾಯಿರಿ. ತಾನೇ ಕಂಡುಹಿಡಿದದ್ದನ್ನು ಮಗು ಮರೆಯುವುದಿಲ್ಲ. ತುಂಟಾಟ ಮಾಡಿದ ಮಗುವನ್ನು ಮಾತ್ರ ಶಿಕ್ಷೆಗೆಂದು ಆ ಮೂಲೆಗೆ ಕಳಿಸಬಾರದು. ಪ್ರಾರ್ಥನೆ ಅಂದರೆ ಶಿಕ್ಷೆ ಎಂಬುದೇ ಅದು ಅಲ್ಲಿ ಕಲಿಯುವ ಪಾಠವಾದೀತು.

ಎಚ್ಚರಿಕೆ ಮೂರು. ಕೆಂಪು–ಕಪ್ಪು ಗುಲಗಂಜಿ ಎಷ್ಟೇ ಚೆಂದ ಕಂಡರೂ ತರಗತಿಗೆ ತರಬೇಡಿ, ಅದರ ಬೀಜ ವಿಷ. ಹೆಸರುಕಾಳು, ಕಡಲೆ, ಮಣಿಗಳಂಥ ಸಣ್ಣ ವಸ್ತುಗಳು ಮೂಗಿಗೋ ಗಂಟಲಿಗೋ ಹೋಗುತ್ತವೆ, ಅವುಗಳೊಂದಿಗೆ ಆಡುವಾಗ ಪಕ್ಕದಲ್ಲಿ ಒಬ್ಬರು ಕೂತಿರಲೇಬೇಕು. ನೀರಿನ ಟಬ್ಬನ್ನು ಆಟ ಮುಗಿದ ಕೂಡಲೇ ಬರಿದು ಮಾಡಿ ಬೋರಲು ಹಾಕಿ. ಗೇಣುದ್ದ ನೀರೂ ಪುಟ್ಟ ಮಗುವಿಗೆ ಅಪಾಯ.

ಒಂದು ಬೆಳಗಿನ ಲೆಕ್ಕ

ಒಂಬತ್ತೂವರೆಯಿಂದ ಹನ್ನೆರಡೂವರೆಯ ತರಗತಿಯನ್ನು ಹೀಗೆ ಹಂಚಿಕೊಳ್ಳಬಹುದು.

9.30 – ಬಂದ ಬಂದವರು ತಮಗಿಷ್ಟದ ಮೂಲೆಗೆ. ಅಳುವ ಮಗು ಟೀಚರ್ ಪಕ್ಕಕ್ಕೆ.
9.50 – ಎಲ್ಲರೂ ಸುತ್ತ ಕೂತು ಹಾಡು, ಒಂದೆರಡು ಸಾಲಿನ ಪ್ರಾರ್ಥನೆ, ‘ಇವತ್ತು ದಾರಿಯಲ್ಲಿ ಏನು ಕಂಡೆ?’ ಎಂಬ ಮಾತುಕತೆ.
10.10 – ಕಥೆ. ಹತ್ತು ನಿಮಿಷ ಸಾಕು.
10.20 – ಮೂಲೆಗಳಲ್ಲಿ ಬಿಡುವಾದ ಆಟ. ಇದು ಮುಕ್ಕಾಲು ಗಂಟೆಗೆ ಕಡಿಮೆಯಾಗಬಾರದು.
11.05 – ಕೈ ತೊಳೆದು ತಿಂಡಿ.
11.30 – ಅಂಗಳ: ಓಟ, ಗಿಡಕ್ಕೆ ನೀರು, ಇರುವೆ–ಎರೆಹುಳು ನೋಡುವುದು.
12.10 – ಸಾಮಾನು ಜೋಡಿಸಿಟ್ಟು, ಈ ದಿನ ಕಂಡದ್ದನ್ನು ಚಿತ್ರ ಬಿಡಿಸಿ, ಬಾಯಲ್ಲಿ ಹೇಳಿ ಮನೆಗೆ.

ಇಲ್ಲಿ ನಿಜವಾದ ಕಷ್ಟ 10.20ರದು. ಮಕ್ಕಳು ಆಡುತ್ತಿದ್ದರೆ ಟೀಚರಿಗೆ ಕೆಲಸವಿಲ್ಲದಂತೆ ಕಾಣುತ್ತದೆ. ಹೆಡ್‌ಮಿಸ್ ಬಂದರೆ ಏನೆಂದಾರೋ ಎಂಬ ಅಳುಕು. ಕೆಲಸವಿದೆ. ಒಂದು ಸಣ್ಣ ನೋಟ್‌ಬುಕ್ ಹಿಡಿದು ಯಾರು ಏನು ಮಾಡಿದರು, ಏನು ಕೇಳಿದರು ಎಂದು ಬರೆದುಕೊಳ್ಳಿ. ‘ಇವತ್ತು ಸೇತುವೆ ಮೂರು ಸಲ ಬಿತ್ತು, ನಾಲ್ಕನೇ ಸಲ ಅಗಲದ ತುಂಡನ್ನು ಕೆಳಗಿಟ್ಟ’ – ಈ ಒಂದು ಸಾಲು ಹತ್ತು ಪುಟದ ಕಾಪಿಗಿಂತ ಹೆಚ್ಚು ಹೇಳುತ್ತದೆ. ಪೇರೆಂಟ್ಸ್ ಮೀಟಿಂಗಿನಲ್ಲಿ ಓದಿ ಹೇಳಲು ಇದಕ್ಕಿಂತ ಒಳ್ಳೆಯ ಮಾರ್ಕ್ಸ್ ಕಾರ್ಡ್ ಬೇರೆ ಬೇಡ.

ಕಥೆ ಹೇಳಿ, ನೀತಿ ಹೇಳಬೇಡಿ

ಬೈಬಲಿನಲ್ಲಿ ಇರುವುದೆಲ್ಲ ಮೂರು ವರ್ಷದ ಮಗುವಿಗೆ ಹೇಳುವ ಕಥೆಯಲ್ಲ. ಗೊಲ್ಯಾತನ ತಲೆ ಕಡಿಯುವುದು, ಮೊಳೆ ಹೊಡೆಯುವ ವಿವರ, ಪ್ರಳಯದಲ್ಲಿ ಮುಳುಗಿದ ಜನ – ಇವು ಆ ವಯಸ್ಸಿನಲ್ಲಿ ರಾತ್ರಿಯ ಹೆದರಿಕೆಯಾಗಿ ಉಳಿಯುತ್ತವೆ. ಶುಭ ಶುಕ್ರವಾರದ ಹೊತ್ತಿಗೆ ‘ಯೇಸುಸ್ವಾಮಿ ತೀರಿಹೋದರು, ಗೆಳೆಯರೆಲ್ಲ ಅತ್ತರು, ಮೂರನೆಯ ದಿನ ಮತ್ತೆ ಬಂದರು’ ಎನ್ನುವಷ್ಟು ಸಾಕು. ಕುರುಬ, ಬಿತ್ತುವವನು, ಕಳೆದುಹೋದ ನಾಣ್ಯ, ಐದು ರೊಟ್ಟಿ ಎರಡು ಮೀನು, ಗೋದಲಿಯ ಕೂಸು – ಕೈಯಲ್ಲಿ ಹಿಡಿದು ಆಡಬಹುದಾದ ಕಥೆಗಳೇ ಈ ವಯಸ್ಸಿನವರಿಗೆ ಹೇಳಿ ಮಾಡಿಸಿದಂಥವು.

ಹೇಳುವಾಗ ನೆಲದ ಮೇಲೆ ಕೂರಿ. ಸಾಮಾನನ್ನು ನಿಧಾನವಾಗಿ ಒಂದೊಂದಾಗಿ ಇಡಿ. ಕಣ್ಣು ಮಕ್ಕಳ ಮೇಲಲ್ಲ, ಕುರಿಯ ಮೇಲಿರಲಿ. ನೀವು ನೋಡುವುದನ್ನೇ ಅವರೂ ನೋಡುತ್ತಾರೆ. ಮುಗಿದ ಮೇಲೆ ‘ಇದರಿಂದ ನಾವೇನು ಕಲಿತೆವು ಮಕ್ಕಳೇ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಮಕ್ಕಳು ಕೊಡುವುದು ಟೀಚರಿಗೆ ಬೇಕಾದ ಉತ್ತರ. ‘ಅಪ್ಪ–ಅಮ್ಮ ಹೇಳಿದ್ ಕೇಳ್ಬೇಕು’ ಎಂಬ ಒಂದೇ ಸಾಲು ಯೋನನಿಗೂ ನಡೆಯುತ್ತದೆ, ದಾನಿಯೇಲನಿಗೂ ನಡೆಯುತ್ತದೆ.

ಅದರ ಬದಲು ಸೋಜಿಗದ ಪ್ರಶ್ನೆ ಹಾಕಿ. ಕವಲೆತ್ತಿಯವರ ಬಳಿ ಕಲಿತ ಅಮೆರಿಕದ ಪಾದ್ರಿ ಜೆರೋಮ್ ಬೆರಿಮನ್ ತಮ್ಮ ‘ಗಾಡ್ಲಿ ಪ್ಲೇ’ ಕ್ರಮವನ್ನು ಕಟ್ಟಿದ್ದೇ ಇಂಥ ಪ್ರಶ್ನೆಗಳ ಮೇಲೆ. ನಮ್ಮ ಮಾತಿನಲ್ಲಿ ಅವು ಹೀಗಿರಬಹುದು: ಈ ಕಥೆಯಲ್ಲಿ ನಿಂಗೆ ಯಾವುದು ತುಂಬಾ ಇಷ್ಟ ಆಯ್ತು? ಆ ಕುರಿ ಒಬ್ಬಂಟಿಯಾಗಿದ್ದಾಗ ಏನು ಅಂದ್ಕೊಂಡಿರಬಹುದು? ನೀನು ಈ ಕಥೆಯೊಳಗೆ ಇದ್ದಿದ್ರೆ ಎಲ್ಲಿರ್ತಿದ್ದೆ? ಉತ್ತರ ಏನೇ ಬರಲಿ, ‘ಹೌದಾ!’ ಎಂದು ಕೇಳಿಸಿಕೊಳ್ಳಿ. ತಪ್ಪು–ಸರಿ ಹೇಳಬೇಡಿ. ಕುರಿ ಬೇಕಂತಲೇ ಓಡಿಹೋಯಿತು ಎಂದು ಒಂದು ಮಗು ಹೇಳಿದರೆ ಅದರಲ್ಲೂ ಒಂದು ಯೋಚನೆ ಇದೆ.

ಮಗು ಮನೆಮಾತಿನಲ್ಲಿ ಉತ್ತರ ಕೊಟ್ಟರೆ ತಡೆಯಬೇಡಿ. ಕೊಂಕಣಿ, ತುಳು, ತಮಿಳು, ಉರ್ದು, ಕನ್ನಡ – ಕುರಿಗೆ ಎಲ್ಲ ಭಾಷೆಯೂ ಅರ್ಥವಾಗುತ್ತದೆ. ಸೋಜಿಗವನ್ನು ಇಂಗ್ಲಿಷಿಗೆ ತರ್ಜುಮೆ ಮಾಡುವಷ್ಟರಲ್ಲಿ ಅದು ಆರಿಹೋಗಿರುತ್ತದೆ.

ನಾಲ್ಕು ಕಥೆ, ನಾಲ್ಕು ಆಟ

ನಾವೆಯ ಮೊಳ. ನೋಹನ ನಾವೆ 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ ಎಂದು ಆದಿಕಾಂಡದಲ್ಲಿದೆ. ಮೊಳ ಅಂದರೆ ನಮ್ಮ ಮಕ್ಕಳಿಗೆ ಹೊಸದೇನಲ್ಲ. ಹೂವಿನವರು ಮಲ್ಲಿಗೆ ಅಳೆಯುವುದನ್ನು ಕಂಡವರೇ. ಮೊಳಕೈಯಿಂದ ಬೆರಳ ತುದಿಯವರೆಗೆ ಇಟ್ಟು ಮೇಜು ಅಳೆಯಲಿ, ಚಾಪೆ ಅಳೆಯಲಿ. ಆಮೇಲೆ ಟೀಚರ್ ಅಳೆಯಲಿ. ಮಗುವಿಗೆ ಏಳು ಮೊಳ ಬಂದದ್ದು ಮಿಸ್‌ಗೆ ನಾಲ್ಕೇ ಬಂತು! ಯಾಕೆ? ಈ ‘ಯಾಕೆ’ಯನ್ನು ಬಿಡಿಸಿ ಹೇಳಬೇಡಿ, ಕೈಗೆ ಕೈ ಜೋಡಿಸಿ ನೋಡಲು ಬಿಡಿ. ಅಳತೆಯ ಪಾಠದ ಬೇರು ಅಲ್ಲಿದೆ. ಕೊನೆಗೆ ದೊಡ್ಡವರ ಮೊಳದಲ್ಲಿ 300 ಅಳೆದ ಹಗ್ಗ, ಸುಮಾರು 135 ಮೀಟರ್, ಹಿಡಿದು ಶಾಲೆಯ ಗೇಟಿನಿಂದ ಎಲ್ಲರೂ ಸಾಲಾಗಿ ನಡೆಯಿರಿ. ಹಗ್ಗ ಮುಗಿಯುವಷ್ಟರಲ್ಲಿ ನಾವೆ ಎಷ್ಟು ದೊಡ್ಡದೆಂದು ಕಾಲಿಗೇ ಗೊತ್ತಾಗಿರುತ್ತದೆ.

ಹತ್ತು ನಾಣ್ಯ. ಲೂಕನ ಸುವಾರ್ತೆಯಲ್ಲಿ ಹತ್ತು ಬೆಳ್ಳಿ ನಾಣ್ಯವಿದ್ದ ಹೆಂಗಸು ಒಂದನ್ನು ಕಳೆದುಕೊಂಡು, ದೀಪ ಹಚ್ಚಿ, ಮನೆ ಗುಡಿಸಿ ಹುಡುಕುತ್ತಾಳೆ. ಅಂಗೈಯಗಲದ ರಟ್ಟಿನ ಹತ್ತು ನಾಣ್ಯ ಮಾಡಿ ಎಣಿಸಲಿ. ಎಲ್ಲರೂ ಕಣ್ಣು ಮುಚ್ಚಿದಾಗ ಒಂದನ್ನು ಅಡಗಿಸಿ. ಮತ್ತೆ ಎಣಿಸಿದರೆ ಒಂಬತ್ತು! ಕಿಟಕಿ ಮುಚ್ಚಿ, ಒಬ್ಬರ ಕೈಗೆ ಟಾರ್ಚು, ಇನ್ನೊಬ್ಬರ ಕೈಗೆ ಪೊರಕೆ. ಸಿಕ್ಕಾಗ ಪಕ್ಕದ ತರಗತಿಯವರನ್ನೂ ಕರೆದು ಬೆಲ್ಲ ಹಂಚಿ. ಕಥೆಯ ಹೆಂಗಸೂ ನೆರೆಹೊರೆಯವರನ್ನು ಕರೆದು ಸಂತೋಷಪಟ್ಟಳಲ್ಲ. ಎಣಿಕೆ, ‘ಒಂದು ಕಡಿಮೆ’ಯ ಅರ್ಥ, ಕಸ ಗುಡಿಸುವ ಕೈಗೆಲಸ ಎಲ್ಲ ಒಂದೇ ಆಟದಲ್ಲಿ ಬಂದವು. ಕಳೆದುಕೊಂಡ ತಳಮಳವೂ ಸಿಕ್ಕಿದ ಖುಷಿಯೂ ಅವುಗಳ ಜೊತೆಗೇ.

ಸಾಸಿವೆ. ಒಂದೇ ಒಂದು ಸಾಸಿವೆ ಕಾಳನ್ನು ಪ್ರತಿ ಮಗುವಿನ ತೋರುಬೆರಳಿಗೆ ಅಂಟಿಸಿ. ‘ಇದರೊಳಗೆ ಏನಿದೆ?’ ತೆಂಗಿನ ಚಿಪ್ಪಿನಲ್ಲಿ ಮಣ್ಣು ಹಾಕಿ ಬಿತ್ತಿದರೆ ಮೂರ್ನಾಲ್ಕು ದಿನದಲ್ಲಿ ಮೊಳಕೆ ಕಾಣುತ್ತದೆ. ಒಂದು ಚಿಪ್ಪನ್ನು ಬಿಸಿಲಿಗೆ, ಇನ್ನೊಂದನ್ನು ಬೀರುವಿನೊಳಗೆ ಇಟ್ಟು ಬಣ್ಣ ಹೋಲಿಸಲಿ. ಯೇಸು ಹೇಳಿದ ಸಾಮ್ಯದಲ್ಲಿ ಸಾಸಿವೆ ಮರವಾಗಿ ಹಕ್ಕಿಗಳು ಗೂಡು ಕಟ್ಟುತ್ತವೆ. ನಮ್ಮ ಗಿಡದಲ್ಲಿ ಹಕ್ಕಿ ಕೂರುತ್ತದೆಯೇ ಎಂದು ಮಗು ಕೇಳಿಯೇ ಕೇಳುತ್ತದೆ. ಮಾತು ಮರೆಸಬೇಡಿ. ‘ನೋಡೋಣ’ ಎಂದು ಗೋಡೆಯ ಮೇಲೆ ವಾರಕ್ಕೊಂದು ಗೆರೆ ಎಳೆಯಿರಿ.

ಹುಳಿಹಿಟ್ಟು. ಹೆಂಗಸೊಬ್ಬಳು ಮೂರು ಅಳತೆ ಹಿಟ್ಟಿಗೆ ಹುಳಿ ಕಲಸಿದ ಸಾಮ್ಯಕ್ಕೆ ಇಡ್ಲಿ ಹಿಟ್ಟಿಗಿಂತ ಒಳ್ಳೆಯ ಪಾಠೋಪಕರಣವಿಲ್ಲ. ರುಬ್ಬಿದ ಹಿಟ್ಟನ್ನು ಗಾಜಿನ ಜಾಡಿಗೆ ಅರ್ಧ ತುಂಬಿ, ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಮನೆಗೆ ಹೋಗಿ. ಮರುದಿನ ಬೆಳಗ್ಗೆ ಹಿಟ್ಟು ರಬ್ಬರ್ ಬ್ಯಾಂಡ್ ದಾಟಿ ಉಕ್ಕಿರುತ್ತದೆ. ‘ರಾತ್ರಿ ಯಾರು ಬಂದ್ರು?’ ಮೂಸಿ ನೋಡಲಿ, ಗುಳ್ಳೆಗೆ ಕಿವಿಗೊಡಲಿ. ಆ ಹಿಟ್ಟಿನದೇ ಇಡ್ಲಿ ತಿಂಡಿಗೆ.

ಹಬ್ಬಗಳೇ ಪಠ್ಯಪುಸ್ತಕ

ಕರಾವಳಿಯ ಕಥೋಲಿಕರ ಮೊಂತಿ ಹಬ್ಬ ಸೆಪ್ಟೆಂಬರ್ 8ಕ್ಕೆ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂ ಹೊತ್ತು ಇಗರ್ಜಿಗೆ ಹೋಗಿ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆ ಆಶೀರ್ವಾದ ಪಡೆದು ಮನೆಗೆ ಬರುತ್ತದೆ. ಸಣ್ಣ ಮಕ್ಕಳ ಶಾಲೆಗೆ ಇದಕ್ಕಿಂತ ಸಮೃದ್ಧ ಪಾಠ ಎಲ್ಲಿ ಸಿಗಬೇಕು? ತಂದ ಹೂಗಳನ್ನು ಬಣ್ಣಕ್ಕೆ ತಕ್ಕಂತೆ ಬೇರ್ಪಡಿಸುವುದು, ಎಸಳು ಎಣಿಸುವುದು, ವಾಸನೆ ಇರುವ–ಇಲ್ಲದ ಹೂಗಳನ್ನು ಕಣ್ಣು ಮುಚ್ಚಿ ಗುರುತಿಸುವುದು. ತೆನೆಯಿಂದ ಒಂದೊಂದು ಭತ್ತ ಬಿಡಿಸಿ, ಉಗುರಿನಲ್ಲಿ ಸುಲಿದು ಅಕ್ಕಿ ಕಾಣುವುದು. ತಟ್ಟೆಯ ಅನ್ನ ಎಲ್ಲಿಂದ ಬಂತೆಂದು ಆ ದಿನ ತಿಳಿಯುತ್ತದೆ. ಬೆಳೆ ಹಬ್ಬ ಆಚರಿಸುವ ಪ್ರಾಟೆಸ್ಟೆಂಟ್ ಸಭೆಗಳ ಶಾಲೆಗಳಲ್ಲಿ ಮನೆಯಿಂದ ತಂದ ಬಾಳೆಕಾಯಿ, ಕುಂಬಳ, ಮೊಟ್ಟೆ ಇಟ್ಟು ಸಂತೆಯಾಟ ಆಡಿಸಬಹುದು.

ಕ್ರಿಸ್ಮಸ್ಸಿಗೆ ಎರಡು ವಾರವಿರುವಾಗ ಮಣ್ಣಿನ ತಟ್ಟೆಯಲ್ಲಿ ರಾಗಿ ಬಿತ್ತಿದರೆ ಹಬ್ಬದ ಹೊತ್ತಿಗೆ ಗೋದಲಿಯ ಕುರಿಗಳಿಗೆ ಹಸಿರು ಹುಲ್ಲು ತಯಾರು. ಕಲ್‌ಕಲ್ ತಿಂಡಿ ಮಾಡುವಾಗ ಹಿಟ್ಟಿನ ಗುಳಿಗೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತುವುದು ಪೆನ್ಸಿಲ್ ಹಿಡಿಯುವ ಬೆರಳಿಗೆ ಒಳ್ಳೆಯ ಕಸರತ್ತು. ಕರಿಯುವ ಕೆಲಸ ದೊಡ್ಡವರದು. ಗರಿಗಳ ಭಾನುವಾರಕ್ಕೆ ಎಳೆ ತೆಂಗಿನ ಗರಿಯನ್ನು ಮಡಚಿ ಶಿಲುಬೆ ಮಾಡುವುದನ್ನು ಯಾರದಾದರೂ ಅಜ್ಜಿಯನ್ನು ಕರೆಸಿ ಕಲಿಸಿ.

ಒಂದು ಮಾತು. ತಿಂಗಳುಗಟ್ಟಲೆ ರಿಹರ್ಸಲ್ ಮಾಡಿಸಿ, ರೆಕ್ಕೆ ಕಟ್ಟಿದ ದೇವದೂತರನ್ನು ಬಿಸಿಲಲ್ಲಿ ನಿಲ್ಲಿಸಿ ನಡೆಸುವ ಕ್ರಿಸ್ಮಸ್ ಪ್ರೋಗ್ರಾಂ ದೊಡ್ಡವರ ಆಟ, ಮಕ್ಕಳದಲ್ಲ. ಡಿಸೆಂಬರ್ ಪೂರ್ತಿ ಮನೆಯಾಟದ ಮೂಲೆಯಲ್ಲಿ ಒಂದು ಬೊಂಬೆ, ಒಂದು ಬುಟ್ಟಿ, ನಾಲ್ಕು ಹಿಡಿ ಹುಲ್ಲು ಇಟ್ಟುಬಿಡಿ. ದಿನಕ್ಕೊಬ್ಬ ಮರಿಯಮ್ಮ, ದಿನಕ್ಕೊಬ್ಬ ಯೋಸೇಫ ತಾವಾಗಿಯೇ ಬರುತ್ತಾರೆ. ಕೆಲವು ದಿನ ಇಬ್ಬರು ಮರಿಯಮ್ಮಂದಿರು ಜಗಳವಾಡಿಯಾರು, ಆಡಲಿ. ಸರದಿ ಕಾಯುವುದನ್ನು ಕಲಿಯಲೂ ಅದೇ ಜಾಗ.

ಕೈಗೆ ಸಿಗದ ಪ್ರಶ್ನೆಗಳು

ಎಲ್ಲ ಪ್ರಶ್ನೆಗೂ ಜಗಲಿಯಲ್ಲಿ ಉತ್ತರ ಸಿಗುವುದಿಲ್ಲ. ‘ನಮ್ಮಜ್ಜ ಸತ್ತೋದ್ರು, ಯೇಸಪ್ಪ ವಾಪಸ್ ಕಳಿಸ್ತಾರಾ?’ ‘ದೇವರು ಎಲ್ಲಿದ್ದಾರೆ?’ ‘ಪ್ರಾರ್ಥನೆ ಮಾಡಿದ್ರೂ ನಮ್ ನಾಯಿ ಯಾಕೆ ಸತ್ತೋಯ್ತು?’

ಇಲ್ಲಿ ಮೊದಲ ಕೆಲಸ ಪಕ್ಕದಲ್ಲಿ ಕೂರುವುದು. ಅಜ್ಜ ನಿದ್ದೆ ಮಾಡಿದ್ದಾರೆ ಎಂದು ಹೇಳಬೇಡಿ, ಆ ರಾತ್ರಿ ಮಗು ಮಲಗಲು ಹೆದರಬಹುದು. ‘ದೇವರಿಗೆ ಒಳ್ಳೆಯವರು ಬೇಕು, ಅದಕ್ಕೆ ಕರ್ಕೊಂಡ್ರು’ ಎಂದರೆ ಒಳ್ಳೆಯವನಾಗುವುದೇ ಅಪಾಯ ಎಂದಾಯಿತು. ‘ಅಜ್ಜನ ದೇಹ ಕೆಲಸ ನಿಲ್ಲಿಸಿತು, ಇನ್ನು ವಾಪಸ್ ಬರಲ್ಲ. ನಂಗೂ ಬೇಜಾರಾಗುತ್ತೆ. ಅವರು ದೇವರ ಹತ್ರ ಇದ್ದಾರೆ ಅಂತ ನಾವು ನಂಬ್ತೀವಿ’ – ಸರಳವಾಗಿ, ನಿಜವಾಗಿ. ‘ನಂಗೂ ಅದು ಗೊತ್ತಿಲ್ಲ ಕಣೋ, ನಾನೂ ಯೋಚನೆ ಮಾಡ್ತಾ ಇರ್ತೀನಿ’ ಎಂದು ಟೀಚರ್ ಒಪ್ಪಿಕೊಂಡರೆ ಮಗುವಿನ ನಂಬಿಕೆ ಕುಸಿಯುವುದಿಲ್ಲ. ಗೊತ್ತಿಲ್ಲದೆಯೂ ನಂಬಬಹುದು, ನಂಬಿಕೊಂಡೂ ಕೇಳಬಹುದು ಎಂಬುದು ಅದಕ್ಕೆ ಅಂದೇ ತಿಳಿಯುತ್ತದೆ.

ದೇವರನ್ನು ಮಾತ್ರ ಬೆತ್ತದಂತೆ ಬಳಸಬೇಡಿ. ‘ಊಟ ಬಿಟ್ರೆ ಯೇಸಪ್ಪಂಗೆ ಸಿಟ್ಟು ಬರುತ್ತೆ’ ಎಂಬ ಒಂದು ಮಾತು, ವರ್ಷವಿಡೀ ಹೇಳಿದ ಒಳ್ಳೇ ಕುರುಬನ ಕಥೆಯನ್ನು ಅಳಿಸಿಹಾಕುತ್ತದೆ.

ಎಲ್ಲ ಮನೆಯ ಮಕ್ಕಳು

ನಮ್ಮ ಕ್ರೈಸ್ತ ನರ್ಸರಿಗಳಲ್ಲಿ ಹಿಂದೂ, ಮುಸ್ಲಿಂ, ಜೈನ ಮನೆಗಳ ಮಕ್ಕಳೂ ಕ್ರೈಸ್ತ ಮಕ್ಕಳ ಜೊತೆ ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಸಂವಿಧಾನದ 28ನೇ ವಿಧಿಯ ಮೂರನೇ ಉಪವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪ್ರಾರ್ಥನೆಗಾಗಲಿ ಕಡ್ಡಾಯವಾಗಿ ಕೂರಿಸುವಂತಿಲ್ಲ. ಸೇರಿಸುವ ದಿನವೇ ‘ನಮ್ಮಲ್ಲಿ ಇಂಥ ಕಥೆ ಹೇಳುತ್ತೇವೆ, ಇಂಥ ಪ್ರಾರ್ಥನೆ ಇರುತ್ತದೆ, ನಿಮಗೆ ಒಪ್ಪಿಗೆಯೇ?’ ಎಂದು ಕೇಳಿ ಬರೆಸಿಕೊಳ್ಳಿ. ಒಪ್ಪದ ಮನೆಯ ಮಗುವಿಗೆ ಆ ಹೊತ್ತಿನಲ್ಲಿ ಕಟ್ಟುವ ಮೂಲೆ ತೆರೆದಿರಲಿ, ಅದರಲ್ಲಿ ಮುಜುಗರದ ಮಾತೇ ಬೇಡ.

ಮೊಳ ಅಳೆಯಲು, ಹಿಟ್ಟು ಉಕ್ಕುವುದನ್ನು ಕಾಣಲು, ಸಾಸಿವೆ ಬೆಳೆಸಲು ಯಾವ ಮನೆಯ ಮಗುವಿಗೂ ಅಡ್ಡಿಯಿಲ್ಲ. ‘ನಮ್ಮನೇಲಿ ಗಣಪತಿ ಇದ್ದಾನೆ’ ಎಂದು ಒಂದು ಮಗು ಹೇಳಿದರೆ ‘ಹೌದಾ, ಅವನಿಗೆ ಏನಿಷ್ಟ?’ ಎಂದು ಕೇಳುವ ಟೀಚರು ತಮ್ಮ ನಂಬಿಕೆಯನ್ನೇನೂ ಕಳೆದುಕೊಳ್ಳುವುದಿಲ್ಲ.

ಅಪ್ಪ–ಅಮ್ಮಂದಿರಿಗೆ

ಶಾಲೆ ನೋಡಲು ಹೋದಾಗ ಗೋಡೆಯ ಕಾರ್ಟೂನು ನೋಡಬೇಡಿ, ಮಕ್ಕಳ ಕೈ ನೋಡಿ. ಮಣ್ಣು, ಬಣ್ಣ, ಹಿಟ್ಟು ಅಂಟಿದ ಕೈಗಳಿದ್ದರೆ ಒಳ್ಳೆಯ ಸೂಚನೆ. ದಿನಕ್ಕೆ ಎಷ್ಟು ಹೊತ್ತು ತಮಗೆ ಬೇಕಾದ ಆಟ ಆಡುತ್ತಾರೆ? ಮಗು ಪ್ರಶ್ನೆ ಕೇಳಿದರೆ ಟೀಚರ್ ಏನು ಮಾಡುತ್ತಾರೆ? ಅಳುವ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ? ಈ ಮೂರು ಕೇಳಿ. ನರ್ಸರಿ ಮಕ್ಕಳಿಗೆ ಬ್ಯಾಗಿನ ಹೊರೆ ಬೇಡ, ಎರಡನೇ ತರಗತಿಯವರೆಗೆ ಹೋಮ್‌ವರ್ಕ್ ಬೇಡ ಎಂದು ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯೇ ಹೇಳಿದೆ. ನಾಲ್ಕು ವರ್ಷಕ್ಕೆ ಕಾಪಿ ತುಂಬಿಸುವ ಶಾಲೆಯನ್ನು ‘ಸ್ಟ್ರಿಕ್ಟ್, ಒಳ್ಳೆ ಶಾಲೆ’ ಅನ್ನುವ ಮೊದಲು ಇದು ನೆನಪಿರಲಿ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂದು ಶಿಕ್ಷಣ ನೀತಿ ಹೇಳುವುದರಿಂದ ಅದಕ್ಕೆ ಮೊದಲು ಮೂರು ವರ್ಷದ ಬಿಡುವಿದೆ.

ಸಂಜೆ ‘ಇವತ್ತು ಏನು ಬರೆಸಿದ್ರು?’ ಎಂದು ಕೇಳುವ ಬದಲು ‘ಇವತ್ತು ನೀನು ಏನು ಕೇಳಿದೆ?’ ಎಂದು ಕೇಳಿ. ಅಡುಗೆಮನೆಯಲ್ಲಿ ಹೆಸರುಕಾಳು ನೆನೆಹಾಕುವಾಗ, ಬಟ್ಟೆ ಒಣಹಾಕುವಾಗ, ರಾತ್ರಿ ಪ್ರಾರ್ಥನೆಗೆ ಕೂತಾಗ ಮಗುವಿನ ‘ಯಾಕೆ’ಗೆ ಒಂದು ನಿಮಿಷ ಕೊಟ್ಟರೆ ಸಾಕು. ಶಾಲೆ ಕಲಿಸಿದ್ದು ಮನೆಯಲ್ಲಿ ಒಣಗುವುದಿಲ್ಲ.

ಇನ್ನು ಆ ಇರುವೆ. ಜಗಲಿಯಲ್ಲಿ ಹತ್ತು ನಿಮಿಷ ಬಗ್ಗಿ ಕ‍ೂತು ನೋಡಿದ ಮಕ್ಕಳು, ಅದು ತನಗಿಂತ ದೊಡ್ಡ ಅನ್ನದಗುಳನ್ನು ಎಳೆದೊಯ್ಯುವುದನ್ನು ಕಂಡರು. ಎದುರು ಬಂದ ಇರುವೆಯ ಮೂತಿಗೆ ಮೂತಿ ತಾಗಿಸಿ ಮುಂದೆ ಹೋಗುವುದನ್ನೂ ಕಂಡರು. ನಾವೆಯಲ್ಲಿ ಇರುವೆ ಇತ್ತೋ ಇಲ್ಲವೋ ಎಂದು ಮಿಸ್ ಕೊನೆಗೂ ಹೇಳಲಿಲ್ಲ. ಮರುದಿನ ತಿಂಡಿಯ ಹೊತ್ತಿಗೆ ನೋಡಿದರೆ, ಮರದ ತುಂಡುಗಳಲ್ಲಿ ಕಟ್ಟಿದ ನಾವೆಯ ಒಂದು ಮೂಲೆಯಲ್ಲಿ ಯಾರೋ ಚಿಟಿಕೆ ಸಕ್ಕರೆ ಇಟ್ಟಿದ್ದರು. ಅದಕ್ಕೆ ಆಗಲೇ ಎರಡು ಇರುವೆ ಹತ್ತಿದ್ದವು.